ಮಾತು ಬಿಟ್ಟವರ ಮಾತು

ಚನ್ನಗಿರಿಯಿಂದ ಬಸವಾಪಟ್ಟಣದ ಕಡೆ ಹೋಗುವ ದಾರಿಯಲ್ಲಿ, ಸೂಳೆಕೆರೆಯ ನೀರು ಉಣ್ಣುವ ಊರೊಂದರ ಸರ್ಕಾರಿ ಶಾಲೆಗೆ ನಾನು ಪ್ರಭಾರಿ ಮುಖ್ಯ ಶಿಕ್ಷಕನಾಗಿ ಹೋದೆ. ಪ್ರಭಾರಿ ಎಂದರೆ ಕುರ್ಚಿ ಮುಖ್ಯ ಶಿಕ್ಷಕರದ್ದು, ಬೈಗುಳವೂ ಅವರದ್ದೇ, ಸಂಬಳ ಮಾತ್ರ ಮೊದಲಿನದ್ದು. ಮೊದಲ ದಿನ ಆ ಕುರ್ಚಿಯಲ್ಲಿ ಕೂತು, ಆರನೇ ತರಗತಿಯ ಹಾಜರಿ ಪುಸ್ತಕ ಎಲ್ಲಿದೆ ಎಂದು ಗಣಿತದ ಟೀಚರನ್ನು ಕೇಳಿದೆ. ಅದು ಬೀರುವಿನಲ್ಲಿತ್ತು. ಬೀರುವಿನ ಕೀಲಿ ಕನ್ನಡದ ಟೀಚರ ಹತ್ತಿರ ಇತ್ತು. ಕನ್ನಡದ ಟೀಚರು ಅದೇ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದರು. ಗಣಿತದ ಟೀಚರು ಅವರ ಕಡೆ ತಿರುಗಲಿಲ್ಲ, ಬಾಗಿಲ ಕಡೆ ನೋಡಿ ಕೂಗಿದರು.

“ಏ ಪುಟ್ಟಿ, ಬಾರವ್ವ ಇಲ್ಲಿ.”

ಐದನೇ ತರಗತಿಯ ಹುಡುಗಿಯೊಬ್ಬಳು ಓಡಿ ಬಂದಳು. ಬಿಗಿಯಾಗಿ ಹೆಣೆದ ಎರಡು ಜಡೆ, ಮೊಣಕಾಲಿನ ಮೇಲೆ ಸುಣ್ಣದ ಕಲೆ.

“ಬೀರುವಿನ ಕೀಲಿ ಬೇಕು ಅಂತ ಹೇಳು.”

ಹುಡುಗಿ ತಿರುಗಿ ಕನ್ನಡದ ಟೀಚರ ಮೇಜಿನ ಮುಂದೆ ನಿಂತಳು. “ಟೀಚರ್, ಬೀರುವಿನ ಕೀಲಿ ಬೇಕಂತೆ. ನಿಮ್ಮ ಕೆಲಸ ಮುಗಿದಿದ್ರೆ ಕೊಡಬೇಕಂತೆ.”

ಕನ್ನಡದ ಟೀಚರು ಕೀಲಿಯನ್ನು ಹುಡುಗಿಯ ಅಂಗೈಗೆ ಹಾಕಿದರು. ಅದು ಮತ್ತೆ ಈ ಮೇಜಿಗೆ ಬಂತು. ಇಬ್ಬರಲ್ಲಿ ಯಾರಿಗೋ ಕಿವಿ ಮಂದ ಇರಬೇಕು ಎಂದುಕೊಂಡೆ. ಯಾರಿಗೆ ಎಂದು ಗೊತ್ತಾಗದೆ ಇಬ್ಬರ ಜೊತೆಗೂ ಗಟ್ಟಿಯಾಗಿ ಮಾತಾಡತೊಡಗಿದೆ. ವಾರ ಮುಗಿಯುವಷ್ಟರಲ್ಲಿ ಕನ್ನಡದ ಟೀಚರು ಪೆನ್ನು ಕೆಳಗಿಟ್ಟು, “ಸಾರ್, ನನಗೆ ಚೆನ್ನಾಗೇ ಕೇಳ್ತದೆ” ಎಂದರು.

ವಿಷಯ ಬಿಡಿಸಿ ಹೇಳಿದ್ದು ಬಿಸಿಯೂಟದ ಅಡುಗೆಯಕ್ಕ. ಅಕ್ಕಿ ತೊಳೆಯುತ್ತಾ, ಹವಾಮಾನದ ಸುದ್ದಿ ಹೇಳುವವಳಂತೆ ಹೇಳಿದಳು: “ಅವ್ರು ಮಾತು ಬಿಟ್ಟಾರೆ ಸಾರ್.”

“ಯಾಕೆ?”

“ಯಾರಿಗ್ಗೊತ್ತು? ಒಬ್ರು ಬಸ್ಸಿನ ಸೀಟು ಅಂತಾರೆ, ಒಬ್ರು ವಾರ್ಷಿಕೋತ್ಸವದ ಡ್ಯಾನ್ಸು ಅಂತಾರೆ. ಅವ್ರನ್ನೇ ಕೇಳಿದ್ರೆ ಇಬ್ರಿಗೂ ಸರಿಯಾಗಿ ನೆನಪಿಲ್ಲ. ಬಿಟ್ಟಿದ್ದಂತೂ ಬಿಟ್ಟಾರೆ.”

ನಾನು ಜಗಳೂರಿನವನು. ಊರ ಹೆಸರಲ್ಲೇ ಜಗಳ ಇಟ್ಟುಕೊಂಡು ಬಂದಿದ್ದೀರಿ ಎಂದು ಹೋದ ಕಡೆಯೆಲ್ಲ ಜನ ಹಲ್ಲು ಕಿಸಿಯುವುದು ನನಗೆ ರೂಢಿಯಾಗಿದೆ. ಆದರೆ ನಮ್ಮ ಮನೆಗಳಲ್ಲಿ ಜಗಳ ಊಟದ ಹೊತ್ತಿಗೆ ಹತ್ತಿಕೊಂಡರೆ ಸಂಜೆ ಚಹಾದ ಹೊತ್ತಿಗೆ ಆರಿರುತ್ತದೆ. ಗಂಟಲು ಹರಿಯುವಂತೆ ಕೂಗುತ್ತೇವೆ, ಆಮೇಲೆ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುತ್ತೇವೆ. ಈ ಮಾತು ಬಿಡುವ ಬಾಬತ್ತು ಬೇರೆ. ಅದಕ್ಕೆ ಶಿಸ್ತು ಬೇಕು, ತಾಳ್ಮೆ ಬೇಕು, ಎದುರಿನವರ ಸಹಕಾರವೂ ಬೇಕು. ಒಬ್ಬರೇ ಮಾತು ಬಿಡಲು ಆಗುವುದಿಲ್ಲವಲ್ಲ.

ಆ ಇಬ್ಬರನ್ನು ನೋಡನೋಡುತ್ತ ನನ್ನ ತಲೆ ಕೆಟ್ಟಿತು. ಚನ್ನಗಿರಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು, ಬೇರೆ ಬೇರೆ ಸೀಟಿನಲ್ಲಿ. ಒಬ್ಬರು ತಡವಾದ ದಿನ ಇನ್ನೊಬ್ಬರು ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಈ ಬಸ್ಸು ಸಂತೇಬೆನ್ನೂರಿಗೆ ಹೋಗ್ತದಾ ಎಂದು ಕಂಡಕ್ಟರನ್ನು ಕೇಳುತ್ತಿದ್ದರಂತೆ. ವರ್ಷಗಟ್ಟಲೆ ಅದೇ ಬಸ್ಸಿಗೆ ಹತ್ತಿದವರು! ಕಂಡಕ್ಟರನೂ ಪಾಪ, ಹೋಗಲ್ಲ ಟೀಚರ್ ಎಂದು ನಿಧಾನಕ್ಕೆ ಉತ್ತರ ಹೇಳಿ, ತಡವಾದವರು ಓಡಿ ಬರುವ ತನಕ ಸೀಟಿ ಊದುತ್ತಿರಲಿಲ್ಲ. ಊಟದ ಹೊತ್ತಿಗೆ ಕನ್ನಡದ ಟೀಚರು ತಮ್ಮ ಡಬ್ಬಿಯ ಶೇಂಗಾ ಚಟ್ನಿಪುಡಿಯನ್ನು ಎರಡು ಮೇಜುಗಳ ನಡುವಿನ ಸ್ಟೂಲಿನ ಮೇಲೆ ಇಡುತ್ತಿದ್ದರು. ಗಣಿತದ ಟೀಚರು ಅದರಿಂದ ಒಂದು ಚಮಚ ತೆಗೆದುಕೊಳ್ಳುತ್ತಿದ್ದರು. ಇಟ್ಟವರು ಇವರಿಗೆಂದು ಇಟ್ಟದ್ದಲ್ಲ, ತೆಗೆದುಕೊಂಡವರು ಅವರದ್ದೆಂದು ತೆಗೆದುಕೊಂಡದ್ದಲ್ಲ. ಇದಕ್ಕೆ ದ್ವೇಷ ಅನ್ನಬೇಕೋ, ಸಂಸಾರ ಅನ್ನಬೇಕೋ, ನನಗೆ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ನನ್ನನ್ನು ಹೊನ್ನಾಳಿಗೆ ತರಬೇತಿಗೆ ಕರೆದರು. ಶಾಲೆಯಲ್ಲಿ ಕಾಳಜಿ ಮತ್ತು ಗೌರವದ ವಾತಾವರಣ ಕಟ್ಟುವುದು ಹೇಗೆ ಎಂಬುದು ವಿಷಯ. ತರಬೇತಿ ಕೊಟ್ಟವರು ಬಹಳ ಉತ್ಸಾಹದ ಮನುಷ್ಯ. ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದಿಲ್ಲ, ನಾವು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತೇವೋ ಅದನ್ನು ಕಲಿಯುತ್ತಾರೆ ಎಂದರು. ಎಲ್ಲರೂ ತಲೆ ಆಡಿಸಿದರು. ನನ್ನ ತಲೆ ಮಾತ್ರ ಆಡಲಿಲ್ಲ, ಏಕೆಂದರೆ ಅದರೊಳಗೆ ಚಟ್ನಿಪುಡಿ ಓಡುತ್ತಿತ್ತು. ಆಮೇಲೆ ಅವರು ಒಂದು ನೂಲಿನ ಉಂಡೆ ತೆಗೆದು ನಮ್ಮನ್ನೆಲ್ಲ ದುಂಡಗೆ ಕೂರಿಸಿದರು. ಉಂಡೆ ಕೈಗೆ ಬಂದವರು ದಾರದ ತುದಿ ಹಿಡಿದುಕೊಂಡು, ಇನ್ನೊಬ್ಬರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ, ಅವರಿಗೆ ಎಸೆಯಬೇಕು. ಕೊನೆಗೆ ನಡುವೆ ಒಂದು ಬಲೆ ಆಗುತ್ತದೆ. ಇದೇ ನಮ್ಮ ಶಾಲೆ ಎಂದರು. ಬರುವಾಗ ನಾನೂ ಹೊನ್ನಾಳಿಯ ಅಂಗಡಿಯೊಂದರಲ್ಲಿ ಉಲ್ಲನ್ ಉಂಡೆ ತಗೊಂಡು ಬಂದೆ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ದುಂಡಗೆ ಕೂರಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. “ಇವ್ನು ನಂಗೆ ರಬ್ಬರ್ ಕೊಟ್ಟಿದ್ದ”, “ಇವ್ಳು ಬಿದ್ದಾಗ ಎಬ್ಬಿಸಿದ್ಲು” ಎಂದು ಉಂಡೆ ಹಾರಾಡಿತು. ತಿರುಗಿ ತಿರುಗಿ ಅದು ಕನ್ನಡದ ಟೀಚರ ಮಡಿಲಿಗೆ ಬಿತ್ತು. ಮಕ್ಕಳೆಲ್ಲ ಮುಂದಕ್ಕೆ ಬಗ್ಗಿದರು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎಂದು ನಾನು ಗಣಿತದ ಟೀಚರ ಕಡೆ ಕಣ್ಣು ಮಾಡಿದೆ. ಕನ್ನಡದ ಟೀಚರು ಉಂಡೆಯನ್ನು ಎರಡು ಜಡೆಯ ಹುಡುಗಿಗೆ ಎಸೆದು, “ಇವಳು ಒಳ್ಳೇ ಹುಡುಗಿ” ಎಂದರು. ಹುಡುಗಿ ಅದನ್ನು ಹಿಡಿದು ನೆಲಕ್ಕೂ ತಾಗಿಸದೆ, “ಇವ್ರು ಒಳ್ಳೇ ಟೀಚರು” ಎಂದು ಗಣಿತದ ಟೀಚರಿಗೆ ಎಸೆದಳು. ಮಕ್ಕಳು ಚಪ್ಪಾಳೆ ಹೊಡೆದರು. ಆಟದ ನಿಯಮ ಪಾಲನೆಯಾಗಿತ್ತು, ಆಟ ಮಾತ್ರ ಕೈಗೆ ಸಿಗಲಿಲ್ಲ.

ಹುಡುಗಿಯ ಕಸುಬು ಏನೆಂದು ನನಗೆ ಗೊತ್ತಾದದ್ದು ಅದಾದ ಮೇಲೆ. ಐದನೇ ತರಗತಿಯ ಕೋಣೆ ಆ ಇಬ್ಬರ ಕೋಣೆಗಳ ನಡುವೆ ಇತ್ತು, ಹಾಗಾಗಿ ಈ ಕೆಲಸ ಅವಳಿಗೆ ಬಂದಿತ್ತು. ಒಂದು ದಿನ ಜಗಲಿಯ ಕಂಬದ ಮರೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ಕನ್ನಡದ ಟೀಚರ ಪಾಠ ಗಂಟೆ ಹೊಡೆದ ಮೇಲೂ ಮುಗಿದಿರಲಿಲ್ಲ. ಮುಂದಿನ ತರಗತಿ ತೆಗೆದುಕೊಳ್ಳಬೇಕಿದ್ದ ಗಣಿತದ ಟೀಚರು ತಮ್ಮ ಬಾಗಿಲಲ್ಲಿ ನಿಂತು ಹುಡುಗಿಗೆ ಹೇಳುತ್ತಿದ್ದರು: “ಹೋಗಿ ಹೇಳು, ಅವರ ಪುರಾಣ ಮುಗೀತಾ, ಇಲ್ಲ ನಾವೆಲ್ಲ ಇಲ್ಲೇ ಮುದುಕ್ರಾಗಬೇಕಾ ಅಂತ ಕೇಳು.”

ಹುಡುಗಿ ಹೋದಳು. ಆ ಬಾಗಿಲ ಮುಂದೆ ಒಂದು ಸಲ ಉಗುಳು ನುಂಗಿ ಹೇಳಿದಳು: “ಟೀಚರ್, ಪದ್ಯ ಆರಾಮಾಗಿ ಮುಗಿಸ್ರಿ, ಆಮೇಲೆ ಬರ್ತೀನಿ ಅಂದ್ರು.”

“ಅಷ್ಟು ಅವಸರ ಇದ್ರೆ ಮನೆಗೆ ಹೋಗಾಕೆ ಹೇಳು.”

ಹುಡುಗಿ ವಾಪಸ್ಸು ಬಂದು ಹೇಳಿದಳು: “ಇನ್ನೈದು ನಿಮಿಷ ಕೊಡಬೇಕಂತೆ ಟೀಚರ್. ನಿಮಗೆ ತೊಂದರೆ ಆಯ್ತಾ ಅಂತ ಕೇಳಿದ್ರು.”

ಗಣಿತದ ಟೀಚರು “ಹೂಂ, ಆಯ್ತು ಬಿಡು” ಎಂದು ಒಳಗೆ ಹೋದರು. ನನ್ನ ಫೋನಿನ ಆ ಕಡೆಯಿದ್ದವರು ಹಲೋ ಹಲೋ ಎನ್ನುತ್ತಲೇ ಇದ್ದರು.

ಮಧ್ಯಾಹ್ನ ಹುಡುಗಿಯನ್ನು ಕರೆದು, ಟೀಚರು ಹೇಳಿದ್ದೊಂದು, ನೀನು ಹೇಳಿದ್ದೊಂದು, ಯಾಕೆ ಎಂದು ಕೇಳಿದೆ. ಸುಳ್ಳು ಹೇಳಬಾರದು ಎಂಬ ಪಾಠವನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಇಟ್ಟುಕೊಂಡಿದ್ದೆ. ಅವಳು ಹೆದರಲಿಲ್ಲ.

“ಹಂಗಂಗೇ ಹೇಳಿದ್ರೆ ಅವ್ರು ಇನ್ನೊಂದು ಹೇಳ್ತಾರೆ ಸಾರ್. ಅದಕ್ಕೆ ಇವ್ರು ಇನ್ನೊಂದು ಹೇಳ್ತಾರೆ. ತಿರುಗಿ ತಿರುಗಿ ಕಾಲು ನೋಯ್ತವೆ. ಹಿಂಗೆ ಹೇಳಿದ್ರೆ ಒಂದೇ ಸಲಕ್ಕೆ ಮುಗೀತದೆ.”

“ಇದನ್ನ ಎಲ್ಲಿ ಕಲಿತೆ?”

“ಮನೇಲೂ ನಾನೇ ಹೇಳೋದು ಸಾರ್. ಅವ್ವ, ಅಜ್ಜಿ ಮಾತು ಬಿಟ್ಟಾರೆ.”

ಅವಳ ಮನೆಯಲ್ಲಿ ಎರಡು ಒಲೆ. ಮುಂದಿನ ಕೋಣೆಯಲ್ಲಿ ತಾಯಿಯ ಗ್ಯಾಸು, ಹಿಂದೆ ಅಜ್ಜಿಯ ಕಟ್ಟಿಗೆ ಒಲೆ. ಲಗೇಜ್ ಆಟೋ ಓಡಿಸುವ ಅಪ್ಪ ಮುಂದೆ ಅರ್ಧ ಉಂಡು, ಹಿಂದೆ ಅರ್ಧ ಉಂಡು, ಎರಡೂ ಕಡೆ ಬಾಯಿ ಬಿಡದೆ ಕೈ ತೊಳೆದು ಹೋಗುತ್ತಾನಂತೆ. ಹುಡುಗಿಗೆ ಮಾತು ಬಂದಾಗಿನಿಂದ ಈ ಕೆಲಸ. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ. ನೀರು ತರುವುದು, ಕಸ ಹೊಡೆಯುವುದು ಹೇಳಿದಂತೆ ಹೇಳಿದಳು. ಪಾಠವನ್ನು ನಾನು ನುಂಗಿಕೊಂಡೆ.

ಒಂದು ಸಲ ಅವಳಿಗೆ ಜ್ವರ ಬಂದು ಶಾಲೆಗೆ ಬರಲಿಲ್ಲ. ಆವತ್ತು ಅವಳ ಕೆಲಸ ನನ್ನ ಹೆಗಲಿಗೆ ಬಿತ್ತು. ನಾನು ಪ್ರಾಮಾಣಿಕ ಮನುಷ್ಯ, ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಒಂದಕ್ಷರ ಬಿಡದೆ ಮುಟ್ಟಿಸಿದೆ. ಮಧ್ಯಾಹ್ನದ ಹೊತ್ತಿಗೆ ಕನ್ನಡದ ಟೀಚರು ಕಣ್ಣೊರೆಸಿಕೊಳ್ಳುತ್ತಿದ್ದರು, ಗಣಿತದ ಟೀಚರು ಡಬ್ಬಿ ಬಿಚ್ಚದೆ ಕೂತಿದ್ದರು. ಸ್ಟೂಲಿನ ಮೇಲೆ ಚಟ್ನಿಪುಡಿ ಇರಲಿಲ್ಲ. ನಾನು ಸಮಾಧಾನಕ್ಕೆ ಏನೋ ಹೇಳಲು ಹೋದಾಗ ಗಣಿತದ ಟೀಚರು, “ಬಿಡ್ರಿ ಸಾರ್, ನಿಮಗೆ ಹೇಳಾಕೆ ಬರಲ್ಲ” ಎಂದರು.

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನನಗೆ ಹೇಳಲು ಬರುವುದಿಲ್ಲ ಎಂದರೆ, ಹುಡುಗಿ ತಿದ್ದಿ ಹೇಳುತ್ತಾಳೆ ಎಂದು ಅವರಿಗೆ ಗೊತ್ತಿದೆ ಎಂದಾಯಿತಲ್ಲ? ಗೊತ್ತಿದ್ದೂ ಅವಳ ಕೈಗೆ ಕಲ್ಲು ಕೊಡುತ್ತಾರಾ, ಆಚೆ ತಲುಪುವಾಗ ಅದು ಬೆಲ್ಲವಾಗಿರುತ್ತದೆ ಎಂಬ ಧೈರ್ಯದ ಮೇಲೆ? ಹಾಗಿದ್ದರೆ ಬೈಯುವುದೇಕೆ? ಬೈಯದೆ ಇರಲು ಆಗದಿದ್ದರೆ ನೆಟ್ಟಗೆ ಎದುರಿಗೇ ಬೈಯಬಾರದಾ? ಯೋಚಿಸಿದಷ್ಟೂ ಗೋಜಲಾಯಿತು.

ಅಷ್ಟರಲ್ಲಿ ಶಾಲೆಯ ವಾತಾವರಣ ನೋಡಲು ಸಾಹೇಬರೊಬ್ಬರು ಬಂದರು. ಚಹಾ ಕುಡಿಯುತ್ತಾ ಕೂತಿದ್ದಾಗ ಹುಡುಗಿ ಒಳಗೆ ಬಂದು ಕನ್ನಡದ ಟೀಚರಿಗೆ, “ಟೀಚರ್, ಬೀರುವಿನಲ್ಲಿರೋ ಕೋನಮಾಪಕ ಎರಡು ನಿಮಿಷಕ್ಕೆ ಕೊಟ್ರೆ ಬಹಳ ಉಪಕಾರ ಆಗ್ತದಂತೆ” ಎಂದಳು. ಪಕ್ಕದ ಕೋಣೆಯಲ್ಲಿ ಏನು ಹೇಳಿ ಕಳಿಸಿದ್ದರೋ ದೇವರೇ ಬಲ್ಲ. ಸಾಹೇಬರ ಮುಖ ಅರಳಿತು. “ನೋಡ್ರಿ, ಎಷ್ಟು ಮರ್ಯಾದೆ! ಸಹೋದ್ಯೋಗಿ ಜೊತೆ ಹಿಂಗೆ ಮಾತಾಡೋರನ್ನ ನಾನು ನೋಡೇ ಇಲ್ಲ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ?” ಎಂದರು. ಕನ್ನಡದ ಟೀಚರು ನಾಚಿ ಸೆರಗು ಸರಿ ಮಾಡಿಕೊಂಡರು. ನನಗೆ ನಗು ಬಂತೋ, ಸಂಕಟ ಆಯಿತೋ ಇಂದಿಗೂ ಹೇಳಲಾರೆ. ನಮ್ಮ ಶಾಲೆಯ ಗೌರವ, ಕಾಳಜಿ, ವಾತಾವರಣ, ಎಲ್ಲವೂ ಒಂದು ಹತ್ತು ವರ್ಷದ ಮಗುವಿನ ನಾಲಿಗೆಯ ಮೇಲೆ ನಿಂತಿತ್ತು.

ಬೇಸಿಗೆ ರಜೆಗೆ ವಾರ ಇದೆ ಎನ್ನುವಾಗ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಫಲಿತಾಂಶ ಫೋನಿಗೆ ಬಂತು. ಹುಡುಗಿಗೆ ನ್ಯಾಮತಿ ಕಡೆಯ ಶಾಲೆಯೊಂದರಲ್ಲಿ ಸೀಟು ಸಿಕ್ಕಿತ್ತು. ಊಟ, ವಸತಿ, ಪುಸ್ತಕ ಎಲ್ಲ ಅಲ್ಲೇ, ಹತ್ತನೇ ತರಗತಿವರೆಗೆ ಯೋಚನೆ ಇಲ್ಲ. ನಮ್ಮ ಶಾಲೆಯಿಂದ ಇಂಥದ್ದು ಸಿಕ್ಕವರು ಕಡಿಮೆ. ಗಣಿತದ ಟೀಚರು ಸಂಜೆ ಹೊತ್ತು ಅವಳನ್ನು ಕೂರಿಸಿಕೊಂಡು ಲೆಕ್ಕ ಮಾಡಿಸಿದ್ದರು, ಕನ್ನಡದ ಟೀಚರು ಪರೀಕ್ಷೆಯ ಅರ್ಜಿಗೆ ತಾವೇ ಓಡಾಡಿದ್ದರು. ಸುದ್ದಿ ಕೇಳಿ ಇಬ್ಬರೂ ನಕ್ಕರು, ಬೇರೆ ಬೇರೆ ಕಿಟಕಿಯ ಕಡೆ ನೋಡುತ್ತಾ. ಅಡುಗೆಯಕ್ಕ ಸಕ್ಕರೆ ಹಂಚಿದಳು.

ಹುಡುಗಿ ಸಕ್ಕರೆ ತಿಂದು, “ನಾ ಹೋಗಲ್ಲ ಸಾರ್” ಎಂದಳು.

“ಯಾಕವ್ವ?”

“ನಾ ಹೋದ್ರೆ ಯಾರು ಹೇಳ್ತಾರೆ?”

ಯಾರು ಏನನ್ನು ಹೇಳುವುದು ಎಂದು ನಾನು ಕೇಳಲಿಲ್ಲ. ಕೋಣೆಯಲ್ಲಿದ್ದ ಯಾರೂ ಕೇಳಲಿಲ್ಲ. ಹುಡುಗಿ ಬಹಳ ಸಹಜವಾಗಿ ಲೆಕ್ಕ ಒಪ್ಪಿಸಿದಳು: ಮನೆಯಲ್ಲಿ ತಮ್ಮ ಇದ್ದಾನೆ, ಆದರೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಒದರಿಬಿಡುತ್ತಾನೆ. ಶಾಲೆಯಲ್ಲಿ ನಾಲ್ಕನೇ ತರಗತಿಯ ಇನ್ನೊಬ್ಬಳಿಗೆ ಕಲಿಸಿ ನೋಡಿದ್ದಳಂತೆ, ಅವಳಿಗೆ ನಗು ಬರುತ್ತದಂತೆ. ನನಗೆ ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ದೊಡ್ಡವರು ಬಿಟ್ಟ ಮಾತನ್ನು ಹೊರುವುದಕ್ಕೆ ಒಂದು ಮಗು ಸಿಕ್ಕ ಸೀಟು ಬಿಡುವುದಾ? ಮೇಜು ಕುಟ್ಟಿ ಎದ್ದೆ. “ನಡೀರಿ, ಅವ್ರ ಮನೆಗೆ ಹೋಗೋಣ” ಎಂದೆ. ಯಾರಿಗೆ ಹೇಳಿದೆನೋ, ಇಬ್ಬರೂ ಎದ್ದರು.

ಕಾಲುವೆಯ ಏರಿಯ ಮೇಲೆ ನಾವು ಮೂವರು ನಡೆದೆವು, ಹುಡುಗಿ ಮುಂದೆ. ನಾನು ನಡುವೆ. ಎಡಗಡೆಯವರು, “ಅವರ ತಾಯಿಗೆ ನಿಧಾನಕ್ಕೆ ಹೇಳಬೇಕು ಸಾರ್” ಎಂದರು. ಬಲಗಡೆಯವರು, “ಅಜ್ಜಿಗೆ ಮೊದಲು ಹೇಳಬೇಕು ಸಾರ್” ಎಂದರು. ನಾನು ಕತ್ತು ತಿರುಗಿಸಿ ತಿರುಗಿಸಿ ಹೂಂ ಅಂದೆ. ಬಿಸಿಲಿಗೆ ಮೂವರ ಮುಖವೂ ಕೆಂಪಾಗಿತ್ತು.

ಹುಡುಗಿಯ ತಾಯಿ ಮುಂದಿನ ಕೋಣೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು. ಹಿಂದಿನ ಕೋಣೆಗೆ ಬಾಗಿಲಿರಲಿಲ್ಲ, ಹಳೇ ಸೀರೆಯ ಪರದೆ ಇತ್ತು. ಅದರಾಚೆ ಒಲೆ ಊದುವ ಸದ್ದು ಕೇಳುತ್ತಿತ್ತು. ನಾನು ಸೀಟಿನ ವಿಷಯ ಹೇಳಿದೆ. ಹೋಗುವುದಿಲ್ಲ ಎಂದು ಅವಳೇ ಹೇಳುತ್ತಿದ್ದಾಳೆ, ನೀವಾದರೂ ಹೇಳಿ ಎಂದೆ.

“ನಾನೇನು ಬ್ಯಾಡ ಅನ್ನಲ್ರಿ ಸಾರ್. ಓದ್ಲಿ ಅಂತಾನೇ ಐತೆ ನನಗೂ. ಆದ್ರೆ ಮನೇಲಿ ಹಿರೇರು ಅಂತ ಒಬ್ರು ಅದಾರಲ್ಲ. ಕೇಳದಂಗೆ ಕಳ್ಸಿದ್ರೆ ನಾಳೆ ಊರ ತುಂಬಾ ನನ್ನ ಮಾನ ತೆಗೀತಾರೆ.”

“ಕೇಳ್ರಿ ಮತ್ತೆ. ಒಳಗೇ ಅದಾರಲ್ಲ.”

ತಾಯಿ ನನ್ನ ಮುಖವನ್ನೇ ನೋಡಿದಳು. ಟೀಚರುಗಳೂ ನೋಡಿದರು. ಆಡಬಾರದ್ದೇನನ್ನೋ ಆಡಿಬಿಟ್ಟೆ ಎನಿಸಿತು. ತಾಯಿ ಮಗಳ ಕಡೆ ತಿರುಗಿದಳು.

“ಹೋಗಿ ಕೇಳು. ಮೇಷ್ಟ್ರು ಬಂದಾರೆ, ಕಳ್ಸಬೇಕಂತೆ. ಆಮೇಲೆ ನನ್ನ ಮ್ಯಾಲೆ ಹಾಕಬಾರದು, ಈಗ್ಲೇ ಬಾಯಿ ಬಿಟ್ಟು ಹೇಳ್ಲಿ ಅನ್ನು.”

ಹುಡುಗಿ ಪರದೆ ಸರಿಸಿ ಒಳಗೆ ಹೋದಳು. ಅವಳ ದನಿ ನಮಗೆಲ್ಲ ಸ್ಪಷ್ಟ ಕೇಳಿಸಿತು. “ಅಜ್ಜಿ, ನೀನು ಹೂಂ ಅಂದ್ರೆ ಮಾತ್ರ ನನ್ನ ಕಳಿಸ್ತಾಳಂತೆ ಅವ್ವ. ನೀನೇ ಹಿರೇಳು ಅಂತಾಳೆ.”

“ಈಗ ಕಾಣ್ತಾ ಹಿರೇಳು? ಹಬ್ಬದ ದಿನ ಒಂದು ಹೋಳಿಗೆ ಕೊಡಾಕೆ ಹಿರೇಳು ಕಾಣಲ್ಲ ಅವಳ ಕಣ್ಣಿಗೆ.”

ಅದೂ ಸ್ಪಷ್ಟ ಕೇಳಿಸಿತು. ಹುಡುಗಿ ಹೊರಗೆ ಬಂದು, “ಅಜ್ಜಿ ಯೋಚ್ನೆ ಮಾಡ್ತಾಳಂತೆ” ಎಂದಳು. ತಾಯಿ “ಮಾಡ್ಲಿ” ಎಂದು ಮೊರದಲ್ಲಿ ಕಲ್ಲು ಹೆಕ್ಕಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಗ ನನಗೆ ಬೆಳಕು ಹರಿಯಿತು, ಅಥವಾ ಇನ್ನಷ್ಟು ಕತ್ತಲಾಯಿತು. ಈ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಆದರೆ ಪರದೆಯಾಚೆಯಿಂದ ಬಂದದ್ದು ಲೆಕ್ಕಕ್ಕಿಲ್ಲ, ಹುಡುಗಿ ತಂದದ್ದಷ್ಟೇ ಮಾತು. ಪಕ್ಕಕ್ಕೆ ನೋಡಿದೆ. ಟೀಚರುಗಳಿಬ್ಬರೂ ಚಾಪೆಯ ಅಂಚನ್ನು ನೋಡುತ್ತಿದ್ದರು.

“ಖರ್ಚೇನಿಲ್ಲಂತೆ, ಎಲ್ಲ ಸರ್ಕಾರದ್ದೇ ಅಂತೆ. ಏನು, ಹೂಂ ಅಂತಾರೋ ಇಲ್ಲೋ, ಮೇಷ್ಟ್ರಿಗೆ ಹೊತ್ತಾಗ್ತೈತೆ” ಎಂದು ತಾಯಿ ಮತ್ತೆ ಕಳಿಸಿದಳು.

ಈ ಸಲ ಊದುವ ಸದ್ದು ನಿಂತಿತು. ಆಮೇಲೆ ಅಜ್ಜಿಯ ದನಿ, ಮೊದಲಿನ ಖಾರ ಇಲ್ಲದ ದನಿ: “ಹೋಗ್ಲಿ ಅನ್ನು. ನಮ್ಮಿಬ್ರ ನಡುವೆ ಇದ್ದು ಏನು ಕಲೀತದೆ ಮಗು? ಹೋಗ್ಲಿ, ಕಲೀಲಿ.”

ಕನ್ನಡದ ಟೀಚರು ಉಸಿರು ಬಿಟ್ಟರು. ನಾನು ಎದ್ದೇಳಲು ಮೊಣಕಾಲಿಗೆ ಕೈ ಕೊಟ್ಟೆ. ಹುಡುಗಿ ಪರದೆ ಸರಿಸಿ ಬಂದು ತಾಯಿಯ ಮುಂದೆ ನಿಂತಳು. ಉಗುಳು ನುಂಗಿದಳು.

“ಬ್ಯಾಡ ಅಂತಾಳೆ ಅಜ್ಜಿ.”

ಮೊರದಲ್ಲಿ ತಾಯಿಯ ಕೈ ನಿಂತಿತು. ಎಲ್ಲರೂ ಕೇಳಿದ್ದೇವೆ, ಎಲ್ಲರೂ ಕೇಳಿದ್ದೇವೆ ಎಂದು ಎಲ್ಲರಿಗೂ ಗೊತ್ತು. ಆದರೂ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ತಾಯಿ ಮಗಳನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಮಗಳನ್ನು ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, ಪರದೆಯ ಕಡೆ ತಿರುಗಿ ಕರೆದಳು:

“ಅತ್ತೀ, ನೀವು ಹೋಗ್ಲಿ ಅಂದ್ರಲ್ಲ?”

ಒಳಗೆ ಏನೋ ಪಾತ್ರೆ ಬಿತ್ತು.

“ಹೂಂ ಕಣವ್ವ” ಎಂದಿತು ಅಜ್ಜಿಯ ದನಿ. “ಹೋಗ್ಲಿ ಅಂದೆ.”

ತಾಯಿಗೆ ಅಳು ಬಂತೋ ಸಿಟ್ಟು ಬಂತೋ, ಅದು ಮಗಳ ಮೇಲೆ ತಿರುಗಿತು. “ಮತ್ತೆ ನೀನ್ಯಾಕೆ ಬ್ಯಾಡ ಅಂದಿ? ಮೇಷ್ಟ್ರ ಮುಂದೆ ಸುಳ್ಳು ಹೇಳ್ತೀಯಾ?” ಎಂದು ಕೈ ಎತ್ತಿದಳು.

“ಸುಳ್ಳಲ್ಲವ್ವ” ಎಂದಳು ಹುಡುಗಿ. “ಬಾಯಾಗೆ ಹೋಗ್ಲಿ ಅಂದ್ಲು. ಒಳಗೆ ಬ್ಯಾಡ ಅಂತ ಐತೆ. ನಾನು ಯಾವಾಗ್ಲೂ ಒಳಗಿಂದೇ ಹೇಳೋದು.”

ನಾನು ಟೀಚರುಗಳ ಕಡೆ ನೋಡಲಿಲ್ಲ. ನೋಡಲು ಧೈರ್ಯವಾಗಲಿಲ್ಲ. ಇಷ್ಟು ದಿನ ನಾನು ಸುಳ್ಳು ಎಂದುಕೊಂಡದ್ದನ್ನೆಲ್ಲ, ಆರಾಮಾಗಿ ಮುಗಿಸ್ರಿ, ನಿಮಗೆ ತೊಂದರೆ ಆಯ್ತಾ, ಇವನ್ನೆಲ್ಲ ಇವಳು ಎಲ್ಲಿಂದ ಎತ್ತಿ ತರುತ್ತಿದ್ದಳು? ನಿಜವಾಗಿ ಒಳಗಿಂದಲೇ ತರುತ್ತಿದ್ದಳಾ? ಇಲ್ಲ, ಹೋಗಲು ಮನಸ್ಸಿಲ್ಲದ್ದಕ್ಕೆ ಈಗ ಹುಟ್ಟಿಸಿದ ಮಾತಾ ಇದು? ಅಥವಾ ಎಲ್ಲರೂ ಕೇಳಿಸಿಕೊಂಡಿದ್ದನ್ನು ಬೇಕೆಂದೇ ತಿರುವಿ, ತಾಯಿಯ ಬಾಯಿ ಬಿಡಿಸಿದಳಾ? ಹತ್ತು ವರ್ಷದ ಮಗುವಿಗೆ ಅಷ್ಟು ತಿಳಿಯುತ್ತದಾ? ನನಗೆ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ.

ಪರದೆ ಸರಿಯಿತು. ಅಜ್ಜಿ ಹೊರಗೆ ಬಂದಳು. ಸೊಸೆಯ ಎತ್ತಿದ ಕೈಯನ್ನು ಹಿಡಿದು ಕೆಳಗಿಳಿಸಿದಳು.

“ಹೊಡೀಬ್ಯಾಡ. ಅದು ಹೇಳಿದ್ದು ಸುಳ್ಳಲ್ಲ. ನನ್ನ ಹೊಟ್ಟೆಯಾಗೆ ಬ್ಯಾಡ ಅಂತಾನೇ ಐತೆ. ಆದ್ರೂ ಹೋಗ್ಲಿ.” ಆಮೇಲೆ ಮೊಮ್ಮಗಳಿಗೆ, “ನಾನೇ ಹೇಳಿದೀನಲ್ಲ ನಿಮ್ಮವ್ವಂಗೆ. ನೀನು ಹೇಳೋದು ಬ್ಯಾಡ ಇನ್ನು” ಎಂದಳು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಖುಷಿಪಡುತ್ತಾಳೆ ಎಂದು ನಾನು ಕಾದೆ. ಅವಳು ಕೆಲಸ ಕಳೆದುಕೊಂಡವಳಂತೆ ಎರಡೂ ಕೈ ಜೋತುಬಿಟ್ಟು ನಿಂತಿದ್ದಳು. ಆಗ ಗಣಿತದ ಟೀಚರು, ಒಂದು ಸಲವೂ ದನಿ ಮೆತ್ತಗೆ ಮಾಡಿದ್ದನ್ನು ನಾನು ಕೇಳದ ಆ ಟೀಚರು, ಚಾಪೆಯ ಮೇಲೆ ಮುಂದಕ್ಕೆ ಸರಿದು ಅವಳ ಕೈ ಹಿಡಿದರು.

“ಎಲ್ಲರ ಒಳಗಿಂದು ಹೇಳಿದಿ. ನಿನ್ನ ಒಳಗೆ ಏನೈತವ್ವ? ಹೋಗಬೇಕು ಅಂತ ಐತಾ, ಬ್ಯಾಡ ಅಂತ ಐತಾ?”

ಹುಡುಗಿ ಅವರ ಮುಖ ನೋಡಿದಳು. ಕನ್ನಡದ ಟೀಚರ ಮುಖ ನೋಡಿದಳು. ತಾಯಿಯದು, ಅಜ್ಜಿಯದು, ನನ್ನದು. ಒಬ್ಬೊಬ್ಬರ ಮುಖದಲ್ಲೂ ಸ್ವಲ್ಪ ಹೊತ್ತು ಹುಡುಕಿದಳು. ಉತ್ತರ ಅಲ್ಲೆಲ್ಲಾದರೂ ಇರುತ್ತದೆ ಎಂದುಕೊಂಡಿದ್ದಳೋ ಏನೋ.

“ಗೊತ್ತಿಲ್ಲ ಟೀಚರ್” ಎಂದಳು. ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಯ್ಯೋ, ನೀರು ಕೊಡ್ರಿ ಅದಕ್ಕೆ” ಎಂದರು ಗಣಿತದ ಟೀಚರು, ತಲೆ ಎತ್ತದೆ. ತಾಯಿಗೆ ಹೇಳಿದರೋ, ಅಜ್ಜಿಗೋ, ನನಗೋ. ಕನ್ನಡದ ಟೀಚರು ತಮ್ಮ ಮುಂದಿದ್ದ ಲೋಟ ಎತ್ತಿ ಅವರ ಕೈಗೇ ಕೊಟ್ಟರು. ಅವರು ತೆಗೆದುಕೊಂಡು ಹುಡುಗಿಗೆ ಕುಡಿಸಿದರು.

ಜೂನ್ ತಿಂಗಳಲ್ಲಿ ಅವಳು ನ್ಯಾಮತಿಗೆ ಹೋದಳು. ಹೋಗುತ್ತೇನೆ ಎಂದು ಅವಳು ಹೇಳಿರಲಿಲ್ಲ, ನಾವು ಕಳಿಸಿದೆವು.